ಹಳಿಗುಂಟ ಹಾಡು: ಮಿರಜದ ಹುಣಸೆಮರದಿಂದ ಕುಂದಗೋಳದ ವಾಡೆಯವರೆಗೆ

1937ರ ಅಕ್ಟೋಬರ್ 27. ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದ ಖಾನಸಾಹೇಬ ಅಬ್ದುಲ್ ಕರೀಂಖಾನರಿಗೆ ದಾರಿಯಲ್ಲಿ ಜೀವಕ್ಕೆ ಸಮಾಧಾನವಿಲ್ಲದಂತಾಯಿತು. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಅಲ್ಲೇ ಹಾಸಿಗೆ ಬಿಡಿಸಿದ್ದಾಯಿತು. ನಮಾಜು ಮಾಡಿದರು, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡಿದರು, ಮಲಗಿದರು. ಮತ್ತೆ ಏಳಲಿಲ್ಲ. ಮನೆತನದ ಮೂಲ ಊರು ಉತ್ತರ ಪ್ರದೇಶದ ಕೈರಾನಾ. ಆದರೆ ಅವರ ದೇಹವನ್ನು ತಂದದ್ದು ಮಿರಜಕ್ಕೆ, ಮಣ್ಣು ಕೊಟ್ಟದ್ದು ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ.

ನಮ್ಮ ಸೀಮೆಯ ಬಯಲು ಸಂಗೀತದ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ಆವರಣ. ಹಿಂಡಲಗಾದಲ್ಲಿ ಕೂತು ಬರೆಯುವವನು ಬೆಳಗಾವಿಯಿಂದಲೇ ಸುರು ಮಾಡಬೇಕಿತ್ತು ಎಂದು ಯಾರಾದರೂ ಅಂದಾರು. ಆದರೆ ಬೆಳಗಾವಿ ಈ ಕಥೆಯ ನಡುವಿನ ಸ್ಟೇಷನ್ನು. ಒಂದು ತುದಿಗೆ ಮಿರಜವಿದೆ, ಇನ್ನೊಂದು ತುದಿಗೆ ಕುಂದಗೋಳವಿದೆ. ನಡುವೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹಾಕಲು ಹಿಡಿದ ಮೀಟರ್ ಗೇಜ್ ಹಳಿ: ಘಟಪ್ರಭಾ, ಪಾಚ್ಛಾಪುರ, ಸುಳೇಭಾವಿ, ಬೆಳಗಾವಿ, ಖಾನಾಪುರ, ಲೋಂಡಾ, ಅಳ್ನಾವರ, ಧಾರವಾಡ, ಹುಬ್ಬಳ್ಳಿ. ಈ ಹೆಸರುಗಳನ್ನು ಒಂದರ ಹಿಂದೊಂದು ಓದಿಕೊಂಡರೆ ಖಾನಸಾಹೇಬರ ಕಿರಾಣಾ ಘರಾಣೆ ಕನ್ನಡ ನಾಡಿಗೆ ಇಳಿದ ದಾರಿಯನ್ನೇ ಓದಿದಂತೆ. ಮೈಸೂರು ಅರಮನೆಗೆ ಹಾಡಲು ಹೋಗುವಾಗ, ಬರುವಾಗ ಖಾನಸಾಹೇಬರು ಪಯಣಿಸಿದ್ದು ಇದೇ ಹಳಿಯ ಮೇಲೆ. ನಡುನಡುವೆ ಇಳಿದರು, ಉಳಿದರು, ಹಾಡಿದರು, ಕಲಿಸಿದರು. ಧಾರವಾಡದ ಶುಕ್ರವಾರಪೇಟೆಯ ಮನೆಯಲ್ಲಿ ಅಂಬಾಬಾಯಿಯವರ ಕರ್ನಾಟಕ ಸಂಗೀತವನ್ನು ಅವರು ಕೂತು ಕೇಳುತ್ತಿದ್ದರು. ಆ ಅಂಬಾಬಾಯಿಯವರ ಮಗಳೇ ಗಂಗೂಬಾಯಿ ಹಾನಗಲ್.

ಮಿರಜದ ಉರುಸಿಗೆ ಸಂಗೀತದ ನಂಟು ಹಳೆಯದು. ಖಾನಸಾಹೇಬರಿಗೆ ಪ್ಲೇಗು ತಗಲಿದಾಗ ಈ ದರ್ಗಾದ ಆಸರೆಯಲ್ಲೇ ಗುಣವಾಯಿತು ಎಂದು ಅಲ್ಲಿಯ ಜನ ಹೇಳುತ್ತಾರೆ. ಆಮೇಲೆ ಅವರು ಮಿರಜದಲ್ಲೇ ನೆಲೆ ನಿಂತರು, ಉರುಸಿನಲ್ಲಿ ಆವರಣದ ಹುಣಸೆಮರದ ಕೆಳಗೆ ಹಾಡಿದರು. ಅವರು ತೀರಿದ ಮೇಲೆ ಅದೇ ಉರುಸಿನ ರಾತ್ರಿಗಳು ಅವರ ಸ್ಮೃತಿಯ ಸಂಗೀತ ಸಭೆಯಾದವು. ಇಂದಿಗೂ ಮೂರು ರಾತ್ರಿ ಅಲ್ಲಿ ಹಾಡು ನಡೆಯುತ್ತದೆ. ದೊಡ್ಡ ಹೆಸರಿನ ಗವಾಯಿಯೂ ನಿನ್ನೆ ಮೊನ್ನೆ ರಂಗಕ್ಕೆ ಬಂದ ಹುಡುಗನೂ ಒಂದೇ ಕಟ್ಟೆಯ ಮೇಲೆ ಕೂಡುತ್ತಾರೆ. ಕೇಳುವವರಿಗೆ ಟಿಕೀಟಿಲ್ಲ. ಹಾಡುವವರು ಇದನ್ನು ಕಾರ್ಯಕ್ರಮ ಎನ್ನುವುದಿಲ್ಲ, 'ಹಾಜರಿ' ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಒಂದು ಮಾತಿನಲ್ಲಿ ಇಡೀ ಸಂಸ್ಥೆಯ ಸಂವಿಧಾನವೇ ಅಡಗಿದೆ. ಕಾರ್ಯಕ್ರಮವಾದರೆ ಕರೆಯಬೇಕು, ಬಿದಾಗಿಯ ಮಾತಾಡಬೇಕು, ಯಾರು ಮೊದಲು ಯಾರು ಕೊನೆಗೆ ಎಂದು ತೂಗಬೇಕು. ಹಾಜರಿ ಎಂದರೆ ತಾನಾಗಿ ಬಂದು, ಸರದಿ ಕಾದು, ಹಾಡಿ, ಮಣಿದು ಹೋಗುವುದು.

ಉರುಸಿನಲ್ಲಿ ಗೋರಿಗೆ ಹೊದಿಸುವ ಮೊದಲ ಗಲೀಫಿನ ಮಾನ ಅಲ್ಲಿಯ ಚಮ್ಮಾರ ಸಮಾಜದ್ದು. ಜಾತಿ, ಪಂಥಗಳ ಲೆಕ್ಕ ಆ ಬಾಗಿಲಲ್ಲೇ ನಿಲ್ಲುತ್ತದೆ. ಒಳಗೆ ಶೃಂಗೇರಿಯ ಭಕ್ತನೂ ಕೂಡಲಸಂಗಮದ ಭಕ್ತನೂ ಒಂದೇ ಜಮಖಾನೆಯ ಮೇಲೆ ಕೂತು ಪೂರಿಯಾ ಕೇಳುತ್ತಾರೆ. ಇದನ್ನು ಯಾರೂ ಭಾಷಣ ಮಾಡಿ ಸಾಧಿಸಿದ್ದಲ್ಲ.

ಮಿರಜಕ್ಕೆ ಇನ್ನೊಂದು ಬಲವಿದೆ, ತಂಬೂರಿ. 1850ರ ಸುಮಾರಿಗೆ ಕತ್ತಿ, ಭರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ವಾದ್ಯ ಮಾಡುವುದಕ್ಕೆ ಕೈಹಾಕಿದರು. ರಾಜರ ಕತ್ತಿಗೆ ಕೆಲಸ ಕಡಿಮೆಯಾಗುತ್ತಿದ್ದ ಕಾಲವದು. ಪಂಢರಪುರ, ಮಂಗಳವೇಢೆಯ ಕಡೆಯಿಂದ ಒಣಗಿದ ದಪ್ಪ ಬುರುಡೆಕಾಯಿ ಬರುತ್ತದೆ. ಅದನ್ನು ಕೊಯ್ದು, ನೆನೆಸಿ, ಆಕಾರಕ್ಕೆ ತಂದು, ತೂನ್ ಮರದ ದಂಡಿ ಕೂಡಿಸಿ, ಕೊನೆಗೆ ತಂತಿಗಳು ಹಾಯುವ ಕುದುರೆಯ ಮೇಲೆ ಜವಾರಿ ತೆಗೆಯುತ್ತಾರೆ. ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಕೂದಲೆಳೆಯಷ್ಟು ಸರಿಸಿದಾಗ ಸತ್ತ ದನಿಗೆ ಜೀವ ಬರುತ್ತದಲ್ಲ, ಆ ಕೆಲಸ ಬಲ್ಲ ಕೈಗಳು ಇಂದಿಗೂ ಮಿರಜದ ಓಣಿಯಲ್ಲಿವೆ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಉರುಸಿಗೆ ಬರುವ ಗವಾಯಿ ವರ್ಷದ ಹರಕೆಯನ್ನೂ ತಂಬೂರಿಯ ರಿಪೇರಿಯನ್ನೂ ಒಂದೇ ಪ್ರಯಾಣದಲ್ಲಿ ಮುಗಿಸಿಕೊಳ್ಳಬಹುದು. ಒಂದು ಉತ್ಸವ ಬಾಳಬೇಕಾದರೆ ಅದರ ಸುತ್ತ ಇಂಥ ದಿನಬಳಕೆಯ ಕಾರಣಗಳೂ ಬೇಕು. ನೀಲಕಂಠಬುವಾ ಅಲೂರಮಠ ಅವರ ಕೈಕೆಳಗೆ ಬಾಲಕ ಮಲ್ಲಿಕಾರ್ಜುನ ಮನ್ಸೂರರು ವರ್ಷಗಟ್ಟಲೆ ಕಲಿತದ್ದು ಇದೇ ಊರಲ್ಲಿ. ಖಾನಸಾಹೇಬರ ಮಗಳು ಹೀರಾಬಾಯಿ ಬಡೋದೇಕರ 1905ರಲ್ಲಿ ಹುಟ್ಟಿದ್ದೂ ಇಲ್ಲೇ.

ಇನ್ನು ಕುಂದಗೋಳ. ಹುಬ್ಬಳ್ಳಿಯಿಂದ ಸುಮಾರು 20 ಕಿ.ಮೀ. ದೂರ, ಎರೆಹೊಲದ ನಡುವಿನ ಊರು. ಸ್ವಾತಂತ್ರ್ಯ ಬರುವವರೆಗೆ ಅದು ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮಿರಜವೂ ಜಮಖಂಡಿಯೂ ಪಟವರ್ಧನರ ಸಂಸ್ಥಾನಗಳು, ಹಾಡುವವರಿಗೆ ಮಣೆ ಹಾಕಿದ ಮನೆತನ. ಕುಂದಗೋಳದಲ್ಲಿ ಆ ಮಣೆ ಹಾಕಿದವರು ನಾಡಿಗೇರ ರಂಗನಗೌಡರು. ಅವರಲ್ಲಿ ಕಾರಕೂನರಾಗಿದ್ದ ಗಣೇಶರಾವ್ ಸೌಂಶಿಯವರ ಮಗ ರಾಮಚಂದ್ರ ಹುಟ್ಟಿದ್ದು 1886ರ ಜನವರಿ 19ರಂದು, ಅಮರಗೋಳದಲ್ಲಿ. ಹುಡುಗನ ಕಂಠ ಚೆನ್ನಾಗಿತ್ತು. ವಾಡೆಗೆ ಬಂದಿಳಿಯುತ್ತಿದ್ದ ಖಾನಸಾಹೇಬರ ಕೈಗೆ ಅವನನ್ನು ಒಪ್ಪಿಸಿದರು. ಎಂಟು ವರ್ಷದ ಕಟ್ಟುಪಾಡಿನ ತಾಲೀಮು ನಡೆಯಿತು. ನಾಟಕ ಕಂಪನಿಯಲ್ಲಿ ಸ್ತ್ರೀ ಪಾತ್ರ ಮಾಡಿ ಹಾಡಿದಾಗ ಜನ ಅವರನ್ನು ಬಾಲಗಂಧರ್ವರಿಗೆ ಹೋಲಿಸಿ, 'ಸವಾಯಿ' ಅಂದರೆ ಒಂದೂಕಾಲು ಪಟ್ಟು ಎಂದರು. ರಾಮಭಾವು ಕುಂದಗೋಳಕರ ಸವಾಯಿ ಗಂಧರ್ವರಾದರು.

ಆ ವಾಡೆಯ ಗುರುಕುಲದ ಕಥೆ ಕನ್ನಡಿಗರಿಗೆಲ್ಲ ಗೊತ್ತು, ಆದರೂ ಇಲ್ಲಿ ಬಿಡಲಾರೆ. ಅಬ್ದುಲ್ ಕರೀಂಖಾನರ ಗ್ರಾಮೋಫೋನು ತಟ್ಟೆ ಕೇಳಿ ತಲೆಕೆಟ್ಟವರಂತೆ 1933ರಲ್ಲಿ ಗದಗಿನ ಮನೆ ಬಿಟ್ಟು ಓಡಿದ ಭೀಮಸೇನ ಜೋಶಿಯವರು ಉತ್ತರವನ್ನೆಲ್ಲ ಸುತ್ತಿ, ಕೊನೆಗೆ 1936ರಲ್ಲಿ ಗುರುವನ್ನು ಕಂಡುಕೊಂಡದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ನೀರು ಹೊತ್ತರು, ಮನೆಗೆಲಸ ಮಾಡಿದರು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಗಾಡಿ ಹತ್ತಿ ಬಂದು, ಪಾಠ ಮುಗಿಸಿ, ಸಂಜೆಯ ಗಾಡಿಗೆ ಮರಳುತ್ತಿದ್ದರು. ಕತ್ತಲಾದರೆ ಸ್ಟೇಷನ್ನಿನ ತನಕ ಅಕ್ಕನ ಜೊತೆಗೆ ನಡೆದು ಹೋಗಿ ಬಿಟ್ಟು ಬರುವ ಕೆಲಸ ತಮ್ಮ ಭೀಮಸೇನನದು. ಒಂದೇ ಪಲ್ಟಾವನ್ನು ತಾಸುಗಟ್ಟಲೆ ತಿದ್ದಿಸುತ್ತಿದ್ದ ಗುರು, ಕಿಟಕಿಯಾಚೆ ಎತ್ತಿನ ಕೊರಳಗಂಟೆ. ಕಿರಾಣಾದ ವಿಲಂಬಿತ ಲಯಕ್ಕೂ ಈ ಹೊಲಗಳ ಸಾವಧಾನಕ್ಕೂ ಏನೋ ಸಂಬಂಧವಿದೆ ಎಂದು ನಾನು ನಂಬಿದ್ದೇನೆ. ಸ್ವರವನ್ನು ಅಟ್ಟಿಸಿಕೊಂಡು ಹೋಗದೆ, ಅದು ಬರುವ ತನಕ ಕಾಯುವ ಗಾಯನವದು.

ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. (ಸರಿಯಾಗಿ 40 ವರ್ಷದ ಮೇಲೆ, 1992ರ ಅದೇ ಸೆಪ್ಟೆಂಬರ್ 12ರಂದು ಮನ್ಸೂರರು ಹೋದರು.) ಸವಾಯಿ ಗಂಧರ್ವರ ನೆನಪಿನಲ್ಲಿ ಎರಡು ಕಡೆ ಸಂಗೀತೋತ್ಸವ ಬೇರುಬಿಟ್ಟಿತು. ಪುಣೆಯಲ್ಲಿ 1953ರಲ್ಲಿ ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಸುರುವಾದದ್ದನ್ನು ಭೀಮಸೇನರು ತಮ್ಮ ಜೀವಮಾನವಿಡೀ ಬೆಳೆಸಿದರು. ಇವತ್ತು ಡಿಸೆಂಬರ್ ಚಳಿಯಲ್ಲಿ ಸಾವಿರಾರು ಜನ ದೊಡ್ಡ ಚಪ್ಪರದ ಕೆಳಗೆ ಕೂಡುವ ಆ ಉತ್ಸವ ದೇಶಕ್ಕೆಲ್ಲ ಪರಿಚಿತ. ಇತ್ತ ಕುಂದಗೋಳದಲ್ಲಿ ಪುಣ್ಯತಿಥಿಯ ಸಂಗೀತ ನಾಡಿಗೇರ ವಾಡೆಯಲ್ಲೇ ನಡೆಯಿತು, ಅಹೋರಾತ್ರಿ. ಗಂಗೂಬಾಯಿಯವರೂ ಭೀಮಸೇನರೂ ತಾವು ಕಲಿತ ಜಾಗಕ್ಕೆ ಹಾಡಲು ಮತ್ತೆ ಮತ್ತೆ ಬಂದರು. ಪುಣೆಯದು ಬೆಳೆಯಿತು, ಕುಂದಗೋಳದ್ದು ಹಾಗೇ ಉಳಿಯಿತು. ಹಾಗೇ ಉಳಿಯುವುದೂ ಒಂದು ಸಾಧನೆ, ಅದಕ್ಕೂ ವರ್ಷವರ್ಷ ದುಡಿಯುವ ಜನ ಬೇಕು ಎಂಬುದನ್ನು ನಮ್ಮ ಸಂಸ್ಥೆಗಳ ಚರಿತ್ರೆಕಾರರು ಬರೆಯುವುದೇ ಇಲ್ಲ.

ಈ ಎರಡು ನೆಲೆಗಳ ಪಂಚಾಂಗ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ನಮ್ಮ ಕಡೆ ಬಯಲಿನಲ್ಲಿ ಹಾಡುವುದಕ್ಕೆ ದೊಡ್ಡ ಅಡ್ಡಿ ಮಳೆ. ಬೆಳಗಾವಿಯ ಪಶ್ಚಿಮಕ್ಕೆ ಹೋದಷ್ಟೂ, ಖಾನಾಪುರ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಸರಿದಷ್ಟೂ ಜೂನಿನಿಂದ ಸೆಪ್ಟೆಂಬರಿನ ತನಕ ಆಕಾಶ ತೆರಪು ಕೊಡುವುದಿಲ್ಲ. ಪುಣ್ಯತಿಥಿ ಮಳೆಗಾಲದಲ್ಲಿ ಬಿದ್ದದ್ದರಿಂದ ಕುಂದಗೋಳಕ್ಕೆ ವಾಡೆಯ ಮಾಡು ಬೇಕಾಯಿತು. ಮಿರಜದ ಉರುಸು ಇಸ್ಲಾಮಿ ಚಾಂದ್ರಮಾನದ ರಜಬ್ ತಿಂಗಳಿಗೆ ಅಂಟಿಕೊಂಡದ್ದು. ಹಾಗಾಗಿ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಒಬ್ಬ ಗವಾಯಿ ಒಂದೇ ಮರದ ಕೆಳಗೆ ಬೇಸಿಗೆಯ ಸೆಕೆಯಲ್ಲೂ ಮಾಗಿಯ ಚಳಿಯಲ್ಲೂ ಹಾಡಿರುತ್ತಾನೆ. ಹೊಸದಾಗಿ ಬಯಲು ಬೈಠಕ್ಕು ಕೂಡಿಸಬೇಕೆನ್ನುವ ನಮ್ಮ ಹಳ್ಳಿಗಳಿಗಾದರೆ ಸುಗ್ಗಿ ಮುಗಿದ ಮೇಲಿನ ದಿನಗಳೇ ಸರಿ. ಉಚಗಾವ, ಸುಳಗಾ, ಬೆಕ್ಕಿನಕೇರಿ, ಹಿಂಡಲಗಾ, ಮಾರ್ಕಂಡೇಯದ ಎರಡೂ ದಂಡೆಗೆ ಭತ್ತದ ಗದ್ದೆ ಖಾಲಿಯಾಗಿ ಕಣ ಗಟ್ಟಿಯಾಗಿರುತ್ತದೆ.

ಆದರೆ ಮಾಗಿಯಲ್ಲಿ ಇಬ್ಬನಿಯ ಕಾಟ. ಚಳಿ ತಡೆಯುವುದಕ್ಕೆ ಕಂಬಳಿ ಸಾಕು, ಇಬ್ಬನಿ ಮಾತ್ರ ವಾದ್ಯದ ವೈರಿ. ತಬಲಾದ ಪುಡಿ ತೇವ ಹೀರಿತೆಂದರೆ ಸ್ವರ ಇಳಿಯುತ್ತದೆ, ಸುತ್ತಿಗೆ ಹಿಡಿದು ಕೂತವನಿಗೆ ರಾತ್ರಿಯೆಲ್ಲ ಅದೇ ಕೆಲಸ. ತಂಬೂರಿ ಚೀಜಿನ ನಡುವೆಯೇ ಜಾರುತ್ತದೆ. ಅದಕ್ಕೆ ಹಳಬರು ಹಾಡುವವರ ನೆತ್ತಿಯ ಮೇಲೆ ದಪ್ಪ ಬಟ್ಟೆಯೊಂದನ್ನು ಕಟ್ಟಿಸುತ್ತಿದ್ದರು, ಕೇಳುವವರ ಮೇಲೆ ಏನೂ ಬೇಡ. ಹುಣಸೆಯ ದಟ್ಟ ಎಲೆಯೂ ಇದೇ ಕೆಲಸ ಮಾಡುತ್ತದೆ.

ಬೆಳಗಾವಿಗೆ ಬರೋಣ. ನಮ್ಮ ಊರ ಬಯಲು ಹಾಡಿನ ಚರಿತ್ರೆಯಲ್ಲಿ 1924ರ ಡಿಸೆಂಬರಿಗೆ ಸಮನಾದ ಇನ್ನೊಂದು ತಿಂಗಳಿಲ್ಲ. ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂದು ಹೆಸರಿಟ್ಟು ಎಬ್ಬಿಸಿದ ಊರಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನವದು. ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು' ಜನದ ಕಿವಿಗೆ ಬಿದ್ದದ್ದು ಆಗಲೇ. ಸ್ವಾಗತದ ಹಾಡಿಗೆ ನಿಂತ ಹುಡುಗಿಯರಲ್ಲಿ 11 ವರ್ಷದ ಗಂಗೂಬಾಯಿಯೂ ಇದ್ದರು. ಊಟದ ಎಲೆ ಎತ್ತುವುದಕ್ಕೆ ಎಲ್ಲಿ ಹೇಳುತ್ತಾರೋ ಎಂಬ ಹೆದರಿಕೆ ಆಗ ತನಗಿತ್ತು ಎಂದು ಅವರು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಆ ಹೆದರಿಕೆಯ ಹಿಂದೆ ಇದ್ದ ಜಾತಿಯ ನೋವನ್ನು ಮರೆತು ಆ ಹಾಡನ್ನಷ್ಟೇ ನೆನೆಯುವುದು ತಪ್ಪಾಗುತ್ತದೆ. ಯಾವ ನೆಲದಲ್ಲಿ ಆ ಹುಡುಗಿ ಅಳುಕುತ್ತ ನಿಂತಿದ್ದಳೋ ಅದೇ ನೆಲಕ್ಕೆ ಅವರು ಮುಂದೆ ಕಿರಾಣಾದ ದೊಡ್ಡ ಕಂಠವಾಗಿ ಮರಳಿದರು.

ಅದೇ ವರ್ಷ, ಏಪ್ರಿಲ್ 8ರಂದು, ಬೆಳಗಾವಿಯಿಂದ ಮಿರಜದ ಕಡೆಗೆ ಹಳಿ ಹಿಡಿದರೆ ಸಿಗುವ ಸುಳೇಭಾವಿಯಲ್ಲಿ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಹುಟ್ಟಿದ್ದ. ಜಗತ್ತಿಗೆ ಅವರು ಕುಮಾರ ಗಂಧರ್ವ. ಕ್ಷಯ ಹಿಡಿದು 1948ರಲ್ಲಿ ಮಧ್ಯಪ್ರದೇಶದ ದೇವಾಸಕ್ಕೆ ಹೋದ ಮೇಲೆ ವರ್ಷಗಟ್ಟಲೆ ಹಾಡಬಾರದೆಂದು ವೈದ್ಯರು ಕಟ್ಟುಮಾಡಿದರು. ಹಾಸಿಗೆಯಲ್ಲಿ ಮಲಗಿದವರ ಕಿವಿಗೆ ಬಿದ್ದದ್ದು ಮಾಳವದ ಹಳ್ಳಿಗರ ಹಾಡು. ಮುಂದೆ ಅವರು ಕಟ್ಟಿದ 'ಗೀತ ವರ್ಷಾ', 'ಗೀತ ಹೇಮಂತ', 'ಗೀತ ವಸಂತ'ಗಳು ಋತುವನ್ನೇ ಬೈಠಕ್ಕಿಗೆ ಕರೆದವು. ಮಾಡಿನ ಕೆಳಗಿನ ಸಂಗೀತಕ್ಕೆ ಬಯಲಿನ ಗಾಳಿ ಏನು ಕೊಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಕುಮಾರರ ಹೆಸರು ಹೇಳುತ್ತೇನೆ.

ಹಿಂಡಲಗಾದ ಹೊರಗಿನವರಿಗೆ ನಮ್ಮ ಊರೆಂದರೆ 1923ರ ಸೆಂಟ್ರಲ್ ಜೈಲು ಮತ್ತು ಗಣಪತಿಯ ಗುಡಿ. ಒಳಗಿದ್ದವರಿಗೆ ಗೊತ್ತು, ಇಲ್ಲಿ ಸಂಜೆಯ ಭಜನೆ ಎರಡು ಭಾಷೆಯಲ್ಲಿ ನಡೆಯುತ್ತದೆ. ಒಂದೇ ಪೇಟಿ, ಒಂದೇ ಜೋಡಿ ತಾಳ. ತುಕಾರಾಮರ ಅಭಂಗ ಮುಗಿದಲ್ಲಿಂದ ಶರೀಫರ ತತ್ವಪದ ಏಳುತ್ತದೆ, ಅದರ ಬೆನ್ನಿಗೆ ದಾಸರ ಪದ. ಗಡಿಯ ಜಗಳ ಎಷ್ಟೋ ಸಲ ಈ ರಸ್ತೆಯಲ್ಲೇ ಹಾದು ಹೋಗಿದೆ, ಭಜನೆಯ ಜಮಖಾನೆಯನ್ನು ಮಾತ್ರ ಅದು ಎರಡಾಗಿ ಹರಿಯಲಿಲ್ಲ. ಸಂತವಾಣಿಯನ್ನೂ ದಾಸವಾಣಿಯನ್ನೂ ಒಂದೇ ಭಕ್ತಿಯಿಂದ ಹಾಡಿದ ಭೀಮಸೇನರು ಈ ಸೀಮೆಯವರಿಗೆ ಅಷ್ಟು ಹತ್ತಿರದವರಾದದ್ದು ಇದರಿಂದಲೇ.

ಈಗ ರಾತ್ರಿಯ ಮಾತು. ಇದು ನನ್ನ ಮನಸ್ಸಿಗೆ ತುಂಬ ಹತ್ತಿದ ವಿಷಯ. ಹಿಂದುಸ್ತಾನಿ ರಾಗಗಳಿಗೆ ಹೊತ್ತಿನ ಕಟ್ಟಳೆಯಿದೆ. ಸಂಜೆಗೆ ಪೂರಿಯಾ, ಮಾರವಾ, ರಾತ್ರಿ ಏರಿದಂತೆ ಬಾಗೇಶ್ರೀ, ಮಾಲಕಂಸ, ದರ್ಬಾರಿ, ನಸುಕಿಗೆ ಲಲತ್, ಬೆಳಗಿಗೆ ತೋಡಿ, ಕೊನೆಗೆ ಭೈರವಿ. ಅಹೋರಾತ್ರಿ ಬೈಠಕ್ಕಿನಲ್ಲಿ ಕೂತವನು ಒಂದು ದಿನದ ಆಯುಸ್ಸನ್ನೇ ಸ್ವರದಲ್ಲಿ ಕಾಣುತ್ತಾನೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವುದನ್ನು ತಡೆದವು, 2005ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಗೊಳಿಸಿತು. ನಿಯಮ ತಪ್ಪೆಂದು ನಾನು ಹೇಳಲಾರೆ. ರೋಗಿಗಳ, ಪರೀಕ್ಷೆಗೆ ಓದುವ ಮಕ್ಕಳ ನಿದ್ದೆ ನಮ್ಮ ಲಲತ್‌ಗಿಂತ ಮುಖ್ಯ. ಆದರೆ ಪುಣೆಯಂಥ ದೊಡ್ಡ ಉತ್ಸವಗಳಲ್ಲಿ ಬೆಳತನಕದ ಬೈಠಕ್ಕು ಹೋಯಿತು, ಅದರ ಜೊತೆಗೆ ಅರ್ಧದಷ್ಟು ರಾಗಗಳು ಸಭೆಯಿಂದ ಎದ್ದುಹೋದವು. ಇಂದಿನ ಎಷ್ಟೋ ಕೇಳುಗರು ನಡುರಾತ್ರಿಯ ಅಡಾಣಾವನ್ನು ಎದುರಿಗೆ ಕೂತು ಕೇಳಿದ್ದೇ ಇಲ್ಲ.

ಸಣ್ಣ ಬೈಠಕ್ಕಿನ ಬೆಲೆ ಇಲ್ಲಿ ತಿಳಿಯುತ್ತದೆ. ನೂರು ನೂರೈವತ್ತು ಜನ ಒತ್ತಾಗಿ ಕೂತರೆ ಒಳ್ಳೆಯ ಕಂಠಕ್ಕೆ ಮೈಕು ಬೇಡ. ವಾಡೆಯ ಪಡಸಾಲೆಯಲ್ಲಂತೂ ಗೋಡೆಯೇ ದನಿಯನ್ನು ಹಿಡಿದು ಮರಳಿಸುತ್ತದೆ. ಮೈಕಿಲ್ಲದ ಕಡೆ ಹಾಡುವವನು ಅರಚುವುದಿಲ್ಲ, ಕೇಳುವವನು ಮಾತಾಡುವುದಿಲ್ಲ, ತಂಬೂರಿಯ ಜವಾರಿ ಕೊನೆಯ ಸಾಲಿನ ತನಕ ಕೇಳಿಸುತ್ತದೆ. ಅಂಥ ರಾತ್ರಿ ಊರಿಗೆ ಉಪದ್ರವವೂ ಆಗುವುದಿಲ್ಲ. ಹೆಚ್ಚು ಜನ, ದೊಡ್ಡ ವೇದಿಕೆ, ಹೆಚ್ಚು ಬೆಳಕು ಬೇಕೆಂದು ಹಟ ಹಿಡಿಯುವ ಸಂಘಟಕರಿಗೆ ನಾನು ಹೇಳುವುದಿಷ್ಟೇ: ಬೆಳೆಸುವ ಮೊದಲು ಒಂದು ರಾತ್ರಿ ಮೈಕು ಬಿಚ್ಚಿಟ್ಟು ಕೇಳಿ.

ಹಾಗೆಂದು ಎಲ್ಲ ಸೊಗಸಾಗಿದೆ ಎಂದಲ್ಲ. ಈ ನೆಲೆಗಳ ಲಿಖಿತ ದಾಖಲೆ ಬಹಳ ತೆಳು. ಯಾವ ವರ್ಷ ಯಾರು ಹಾಡಿದರು, ಸಾಥಿಗೆ ಯಾರಿದ್ದರು, ಯಾವ ರಾಗಕ್ಕೆ ಬೆಳಗಾಯಿತು ಎಂಬುದೆಲ್ಲ ಹಿರಿಯರ ಬಾಯಲ್ಲೇ ಉಳಿದಿದೆ. ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಗವಾಯಿಗಳ ಹೆಸರಾದರೂ ಪತ್ರಿಕೆಯಲ್ಲಿ ಸಿಕ್ಕೀತು. ನಸುಕಿನ 3 ಗಂಟೆಗೆ ಚಹಾ ಕಾಸಿದವರು, ಸ್ಟೇಷನ್ನಿನಿಂದ ತಂಬೂರಿ ಹೊತ್ತು ತಂದವರು, ಹಾಸಿಗೆ ಕೊಟ್ಟ ಮನೆಯವರು, ಇವರ ಹೆಸರು ಎಲ್ಲೂ ಸಿಗುವುದಿಲ್ಲ. ಸಂಸ್ಥೆ ನಿಂತದ್ದು ಇವರ ಹೆಗಲ ಮೇಲೆ.

ಮಿರಜದಿಂದ ಕುಂದಗೋಳದ ತನಕ ಈ ಹಳಿಗುಂಟ ಇರುವ ಮನೆಗಳಲ್ಲಿ ಹಳೆಯ ಕರೆಯೋಲೆ, ಕಾಗದ, ಫೋಟೋ, ಟೇಪು ಏನಿದ್ದರೂ ಅಟ್ಟದಿಂದ ಇಳಿಸಿ. ಮೂಲ ನಿಮ್ಮಲ್ಲೇ ಇರಲಿ, ಪ್ರತಿ ಮಾಡಿಸಿ ಈ ಸಂಚಿಕೆಯ ಸಂಪಾದಕರಿಗೆ ಕೊಡಿ. ಫೋಟೋದ ಹಿಂದೆ ಅದರಲ್ಲಿರುವವರ ಹೆಸರನ್ನು, ತಂಬೂರಿ ಹಿಡಿದು ಹಿಂದೆ ಕೂತವರದೂ ಸೇರಿಸಿ, ಪೆನ್ಸಿಲಿನಲ್ಲಿ ಬರೆದಿಡಿ.